4 ಮಿಲಿಮೀಟರ್ ಹಲ್ಲು, ಯಾವ ಶಾರ್ಕಿನದು?

ಪ್ರಶ್ನೆ: ಪಳೆಯುಳಿಕೆ ಸಿಗುವ ಜಾಗದ ಮರಳು ಜರಡಿ ಹಿಡಿಯುವಾಗ 4 ಮಿಲಿಮೀಟರ್ ಅಗಲದ ಕಪ್ಪು ಹಲ್ಲೊಂದು ಸಿಕ್ಕಿತು. ತುದಿ ಒಂದು ಕಡೆಗೆ ವಾಲಿದೆ. ಅಂಚು ನುಣುಪಾಗಿದೆ. ಬೇರಿನ ನಡುವೆ ಒಂದು ಗೀರು ಇದೆ. ಇದು ಅಳಿದುಹೋದ ದೈತ್ಯ ಶಾರ್ಕ್ ಮೆಗಲೊಡಾನ್‌ನ ಮರಿಯ ಹಲ್ಲು ಅಂತ ನನ್ನ ಗೆಳೆಯ ಹಟ ಹಿಡಿದಿದ್ದಾನೆ. ಹೌದಾ? ಇಷ್ಟು ಕಪ್ಪಗಿದೆ ಅಂದರೆ ತುಂಬಾ ಹಳೆಯದು ಅಂತಲಾ? ಬೆರಳ ಮೇಲಿಟ್ಟು ತೆಗೆದ ಫೋಟೊ ಕಳಿಸಿದ್ದೇನೆ.

ಉತ್ತರ: ಮೆಗಲೊಡಾನ್ ಅಲ್ಲ. ಗೆಳೆಯರಿಗೆ ಬೇಜಾರಾದೀತು, ಏನು ಮಾಡೋದು! ಮೆಗಲೊಡಾನ್ ಹಲ್ಲಿನ ಅಂಚಿನಲ್ಲಿ ಸಣ್ಣ ಗರಗಸ ಇರುತ್ತದೆ. ಬೇರು ದಪ್ಪ. ಹೊಳೆಯುವ ಭಾಗಕ್ಕೂ ಬೇರಿಗೂ ನಡುವೆ, ನಾಲಿಗೆಯ ಬದಿಯಲ್ಲಿ, ಮಬ್ಬಾದ ಒಂದು ಪಟ್ಟಿ ಇರುತ್ತದೆ. ನಿಮ್ಮದರಲ್ಲಿ ಇವು ಯಾವುದೂ ಕಾಣುತ್ತಿಲ್ಲ.

ಹಾಗಾದರೆ ಯಾವುದು? ಎಲ್ಲರೂ ಮೊದಲು ತುದಿ ನೋಡುತ್ತಾರೆ. ನಾನು ಬೇರು ನೋಡುತ್ತೇನೆ. ಇಷ್ಟು ಪುಟ್ಟ ಹಲ್ಲಿನಲ್ಲಿ ಜಾಸ್ತಿ ಸುಳಿವು ಅಲ್ಲೇ ಇರುತ್ತದೆ. ನೀವು ಹೇಳಿದ ಗೀರು ಇದೆಯಲ್ಲ, ಹಲ್ಲಿಗೆ ರಕ್ತನಾಳ ಹೋಗುತ್ತಿದ್ದ ದಾರಿ ಅದು. ಜೊತೆಗೆ ಫೋಟೊದಲ್ಲಿ, ತುದಿ ವಾಲಿದ ಬದಿಯಲ್ಲೇ ಒಂದು ಕಚ್ಚು, ಅದರಾಚೆ ತಗ್ಗಾದ ಒಂದು ಭುಜ ಕಾಣುತ್ತಿದೆ. ಗೀರು, ಕಚ್ಚು, ಭುಜ ಮೂರೂ ಸೇರಿದರೆ ನನ್ನ ಊಹೆ ರೈಜೊಪ್ರಿಯೊನೊಡಾನ್, ಸ್ಕೋಲಿಯೋಡಾನ್ ಎಂಬ ಸಣ್ಣ ಶಾರ್ಕುಗಳ ಅಥವಾ ಸುತ್ತಿಗೆ ತಲೆಯ ಶಾರ್ಕಿನ ಕಡೆಗೆ ಹೋಗುತ್ತದೆ.

ಮೂರರಲ್ಲಿ ಒಂದನ್ನು ಆರಿಸಿ ಹೇಳಿ ಅಂತ ನೀವು ಕೇಳಬಹುದು. ಒಂದೇ ಹಲ್ಲು ನೋಡಿ ಹಾಗೆ ಹೇಳುವವರನ್ನು ನಾನಂತೂ ನಂಬುವುದಿಲ್ಲ. ಒಂದೇ ಶಾರ್ಕಿನ ಬಾಯಲ್ಲಿ ಮೇಲಿನ ಹಲ್ಲು ಅಗಲ, ಕೆಳಗಿನದು ಸಪೂರ ಇರಬಹುದು. ಮುಂದಿನದು ನೆಟ್ಟಗಿದ್ದರೆ ಪಕ್ಕದ್ದು ಬಾಯಿಯ ಮೂಲೆಯ ಕಡೆಗೆ ವಾಲಿರುತ್ತದೆ. ಮರಿಯ ಹಲ್ಲು ಬೇರೆ, ಬೆಳೆದದ್ದರ ಹಲ್ಲು ಬೇರೆ. ಕೆಲವು ಜಾತಿಗಳಲ್ಲಿ ಗಂಡಿನದೂ ಹೆಣ್ಣಿನದೂ ಬೇರೆ ಬೇರೆ. ಇದು ಸಾಲದು ಅಂತ ಶಾರ್ಕು ಜೀವನಪೂರ್ತಿ ಹಲ್ಲು ಉದುರಿಸುತ್ತಲೇ ಇರುತ್ತದೆ. ಒಂದೇ ಪ್ರಾಣಿ ಸಾವಿರಾರು ಬಿಟ್ಟು ಹೋಗುತ್ತದೆ. ಅಸ್ಥಿಪಂಜರವೆಲ್ಲ ಮೃದ್ವಸ್ಥಿ, ಅದು ಉಳಿಯುವುದೇ ಅಪರೂಪ. ಹೀಗಾಗಿ ನಮ್ಮ ಕೈಗೆ ಸಿಗುವುದು ಬಿಡಿ ಹಲ್ಲುಗಳೇ. ಅದೇ ಪದರದಿಂದ ಇಪ್ಪತ್ತೋ ಮೂವತ್ತೋ ಸಿಕ್ಕಿದರೆ ಪಕ್ಕಪಕ್ಕ ಜೋಡಿಸಿ ನೋಡಬಹುದು. ಆಗ ಕೆಲಸ ಸುಲಭ.

ಇದು ಶಾರ್ಕಿನದೇ ಅಂತ ಹೇಗೆ ಗೊತ್ತು ಅಂದರೆ, ಮತ್ತೆ ಬೇರು. ಎಲುಬು ಮೀನಿನ ಹಲ್ಲಿಗೆ ಇಂಥ ಎರಡು ಕಾಲಿನ ಬೇರು ಇರುವುದಿಲ್ಲ, ಬುಡ ಹೆಚ್ಚಾಗಿ ಟೊಳ್ಳು. ತೊರಕೆ ಮೀನಿನ ಹಲ್ಲಿಗೆ ಬೇರು ಇದ್ದರೂ ಮೇಲ್ಭಾಗ ಸಾಮಾನ್ಯವಾಗಿ ಚಪ್ಪಟೆ.

ಬಣ್ಣದ ವಿಷಯ. ಕಪ್ಪು ಅಂದ ಮಾತ್ರಕ್ಕೆ ಹಳೆಯದು ಅಂತಲ್ಲ. ಹೂತಿದ್ದ ಮಣ್ಣಿನ ಖನಿಜ ಸೇರಿ ಬಣ್ಣ ಬರುತ್ತದೆ, ಅಷ್ಟೇ. ವಯಸ್ಸು ಹೇಳುವುದು ಹಲ್ಲು ಸಿಕ್ಕ ಪದರ. ಆದ್ದರಿಂದ ಎಲ್ಲಿ, ಯಾವ ಪದರದಲ್ಲಿ ಸಿಕ್ಕಿತು ಅಂತ ಇವತ್ತೇ ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಹಾಕಿ. ಆಮೇಲೆ ನೆನಪಿಸಿಕೊಂಡರಾಯಿತು ಅಂದುಕೊಂಡರೆ ಕೆಟ್ಟಿರಿ.

ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಫೋಟೊದಲ್ಲಿ ಹಲ್ಲಿಗಿಂತ ಬೆರಳಿನ ಗೆರೆಗಳೇ ಚೆನ್ನಾಗಿ ಬಂದಿವೆ. ಹೀಗೆ ಮಾಡಿ. ಮಕ್ಕಳಾಡುವ ಜೇಡಿಯ ಒಂದು ಚೂರಿನ ಮೇಲೆ ಹಲ್ಲನ್ನು ನಿಲ್ಲಿಸಿ. ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ, ಆಗ ಗೀರು, ಕಚ್ಚು ಎದ್ದು ಕಾಣುತ್ತವೆ. ಮೊಬೈಲ್ ಕ್ಯಾಮೆರಾದ ಮುಂದೆ 10 ಪಟ್ಟಿನ ಲೆನ್ಸ್ ಹಿಡಿದು ತುಟಿಯ ಬದಿ, ನಾಲಿಗೆಯ ಬದಿ, ಪಕ್ಕದ ನೋಟ ಅಂತ ಮೂರು ಫೋಟೊ ತೆಗೆಯಿರಿ. ಚಪ್ಪಟೆಯಾಗಿರುವುದು ತುಟಿಯ ಬದಿ, ಉಬ್ಬಿರುವುದು ನಾಲಿಗೆಯ ಬದಿ. ಪಕ್ಕದಲ್ಲಿ ಮಿಲಿಮೀಟರ್ ಸ್ಕೇಲ್ ಇರಲಿ. ಅಂಚು ನುಣುಪು ಅಂತ ಬರೀ ಕಣ್ಣಲ್ಲಿ ನೋಡಿ ಹೇಳಿದ್ದಾ? ಇಷ್ಟು ಚಿಕ್ಕ ಹಲ್ಲಿನ ಗರಗಸ ಲೆನ್ಸ್ ಇಲ್ಲದೆ ಕಾಣದೇ ಇರಬಹುದು.

ಎತ್ತುವಾಗ ಚಿಮಟ ಬೇಡ. ನಾನೊಮ್ಮೆ ಹಿಡಿದದ್ದು ಟಪ್ ಅಂತ ಚಿಮ್ಮಿತು. ಅರ್ಧ ಗಂಟೆ ನೆಲ ಗುಡಿಸಿದೆ, ಇವತ್ತಿಗೂ ಸಿಕ್ಕಿಲ್ಲ. ಬ್ರಶ್ಶಿನ ತುದಿ ಒದ್ದೆ ಮಾಡಿ ಮುಟ್ಟಿಸಿದರೆ ಹಲ್ಲು ತಾನೇ ಅಂಟಿಕೊಂಡು ಬರುತ್ತದೆ. ತೊಳೆಯಲು ಬರೀ ನೀರು ಸಾಕು. ವಿನೆಗರ್ ಹಾಕಿದರೆ ಹಲ್ಲಿನ ಬೇರೇ ಹಾಳಾಗಬಹುದು.

ಮೂರರಲ್ಲಿ ನನಗೆ ಮೊದಲು ಬೇಕಾದದ್ದು ನಾಲಿಗೆಯ ಬದಿಯ ಫೋಟೊ. ಆ ಗೀರು ಬೇರಿನ ಬುಡದವರೆಗೂ ಇಳಿದಿದೆಯಾ, ನಡುವೆಯೇ ನಿಂತಿದೆಯಾ ಅಂತ ನೋಡೋಣ.