ಕಣ್ಣು ಹಾಯಿಸಿದ್ದೋ, ಕಣ್ಣಿಗೆ ಬಿದ್ದದ್ದೋ?

ಪ್ರಶ್ನೆ: ಮಗಳ ಇಂಗ್ಲಿಷ್ ಪಾಠದಲ್ಲಿ ಒಬ್ಬ ಗಿರಾಕಿ ಉದ್ದರಿ ಕೇಳುತ್ತಾನೆ. ಆಗ ಅಂಗಡಿಯ ಇಬ್ಬರು ಪಾಲುದಾರರು 'ಎಕ್ಸ್‌ಚೇಂಜ್ಡ್ ಗ್ಲಾನ್ಸಸ್' ಅಂತಿದೆ. ನೋಟವನ್ನು ಅದಲುಬದಲು ಮಾಡಿಕೊಳ್ಳೋದು ಹೇಗೆ? ಗ್ಲಿಂಪ್ಸ್ ಅಂದರೂ ಇದೇನಾ?
– ಓದುಗರೊಬ್ಬರು, ಗಂಗಾವತಿ

ಉತ್ತರ: ನಮ್ಮ ಮನೆಯಲ್ಲಿ ಇದು ದಿನಾ ನಡೆಯುತ್ತದೆ. ಮೊನ್ನೆ ಬೀಗರು ಊಟಕ್ಕೆ ಕೂತಿದ್ದರು. ಇನ್ನೊಂದು ಹೋಳಿಗೆ ಬಡಿಸೋಣ ಅಂತ ನಾನು ಎದ್ದೆ. ಅಡುಗೆಮನೆ ಬಾಗಿಲಲ್ಲಿ ಹೆಂಡತಿ ನನ್ನ ಕಡೆ ನೋಡಿದಳು, ನಾನು ಅವಳ ಕಡೆ. ಹೋಳಿಗೆ ಮುಗಿದಿದೆ ಅಂತ ತಿಳಿಯಿತು. ಸುಮ್ನೆ ಕೂತೆ. ಅಷ್ಟೇ, ಗ್ಲಾನ್ಸಸ್ ಅದಲುಬದಲಾದವು! ಕನ್ನಡದಲ್ಲಿ 'ಕಣ್ಣಲ್ಲೇ ಮಾತಾಡಿಕೊಂಡರು' ಅಂದರೆ ಸಾಕು.

ಗ್ಲಿಂಪ್ಸ್ ಬೇರೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದೀರಲ್ವಾ? ತೇರು ಯಾವಾಗ ಎಳೆಯುತ್ತಾರೋ ಅಂತ ವಾಚಿನ ಮೇಲೆ ಕಣ್ಣು ಹಾಯಿಸುತ್ತೀರಿ. ಅದು ಗ್ಲಾನ್ಸ್, ನೀವಾಗಿಯೇ ನೋಡಿದ್ದು. ಆಮೇಲೆ ಉತ್ತತ್ತಿ ಎಸೆಯಲು ಎತ್ತಿದ ನೂರಾರು ಕೈಗಳ ಸಂದಿಯಲ್ಲಿ ಕಳಸ ಕಂಡಂತಾಗಿ ಮರೆಯಾಗುತ್ತದೆ. ಅದು ಗ್ಲಿಂಪ್ಸ್. ಎಷ್ಟು ಕಂಡಿತೋ ಅಷ್ಟೇ ನಿಮ್ಮ ಪಾಲು. ಅದಕ್ಕೇ ಇಂಗ್ಲಿಷಿನವರು ಗ್ಲಿಂಪ್ಸನ್ನು 'ಕ್ಯಾಚ್' ಮಾಡುತ್ತಾರೆ. ವಾಚನ್ನು ಮಾತ್ರ 'ಗ್ಲಾನ್ಸ್ ಅಟ್'. ನಾನು ಮೇಷ್ಟ್ರಾದ ಮೊದಲ ವರ್ಷ ಬೋರ್ಡಿನ ಮೇಲೆ 'ಗ್ಲಿಂಪ್ಸ್ಡ್ ಅಟ್ ದ ವಾಚ್' ಅಂತ ಬರೆದಿದ್ದೆ. ಮಕ್ಕಳು ನಲವತ್ತೂ ಮಂದಿ ಶ್ರದ್ಧೆಯಿಂದ ನಕಲು ಮಾಡಿಕೊಂಡರು!

ಗ್ಲಾನ್ಸ್‌ಗೆ ಇನ್ನೊಂದು ಅರ್ಥವೂ ಇದೆ. ಅದೇ ಹಳೆಯದು: ತಗುಲಿ ಓರೆಯಾಗಿ ಜಾರುವುದು. ಮೂಲ ಹುಡುಕುತ್ತಾ ಹೋದರೆ ಹಳೆಯ ಫ್ರೆಂಚಿನ 'ಜಾರು' ಅನ್ನುವ ಮಾತು, ಅದರ ಹಿಂದೆ ಮಂಜುಗಡ್ಡೆ. ಕ್ರಿಕೆಟ್ಟಿನ ಲೆಗ್ ಗ್ಲಾನ್ಸ್ ಇಲ್ಲಿಂದಲೇ ಬಂದದ್ದು. ಚೆಂಡನ್ನು ಬಾರಿಸುವುದಿಲ್ಲ, ಬ್ಯಾಟಿಗೆ ಸವರಿ ಕಾಲಿನ ಬದಿಗೆ ಜಾರಿಸುತ್ತಾರೆ. ರಣಜಿ ಟ್ರೋಫಿಗೆ ಹೆಸರು ಕೊಟ್ಟ ರಣಜಿತ್‌ಸಿಂಹಜಿ ಈ ಹೊಡೆತಕ್ಕೆ ಹೆಸರಾದವರು. ನೋಟವೂ ಹಾಗೆಯೇ ತಗುಲಿ ಜಾರುತ್ತದೆ.

ಪರೀಕ್ಷೆಯಲ್ಲಿ ಗ್ಲಾನ್ಸ್‌ನ ಅರ್ಥ ಕೇಳಿದರೆ ಮಗಳು 'ಕಿರುನೋಟ' ಅಂತ ಬರೆಯಲಿ. ನಿಘಂಟಿನಲ್ಲಿ 'ಕುಡಿನೋಟ' ಸಿಕ್ಕರೂ ಬೇಡ. ಅದರಲ್ಲಿ ಒಲವಿನ ವಾಸನೆ ಜಾಸ್ತಿ. ಪಾಪ, ಆ ಇಬ್ಬರು ಪಾಲುದಾರರು ಉದ್ದರಿಯ ಚಿಂತೆಯಲ್ಲಿದ್ದಾರೆ.