ಕೊನೆಯ ನಿಮಿಷಕ್ಕೆ ಬೇರೆ ನಿಯಮವೇ?

ಓದುಗರೊಬ್ಬರು ಬರೆದಿದ್ದಾರೆ: “ಬ್ಯಾಸ್ಕೆಟ್‌ಬಾಲ್ ಪಂದ್ಯ ಸಮಬಲವಾಗಿತ್ತು, ಉಳಿದಿದ್ದು ಕೆಲವೇ ಸೆಕೆಂಡು. ಫೌಲ್ ಕೊಡಲಿಲ್ಲವೆಂದು ಆಟಗಾರನೊಬ್ಬ ರೆಫರಿಯ ಮೇಲೇರಿ ಹೋಗಿ ಬೈದ. ಟೆಕ್ನಿಕಲ್ ಫೌಲ್, ಅಂದರೆ ದುರ್ವರ್ತನೆಯ ಫೌಲ್, ಬಿತ್ತು. ಎದುರಾಳಿಗೆ ಸಿಕ್ಕ ಒಂದೇ ಫ್ರೀ ಥ್ರೋದಲ್ಲಿ (ಯಾರೂ ಅಡ್ಡಿಪಡಿಸದ ಎಸೆತ) ಪಂದ್ಯ ಮುಗಿಯಿತು. ಅಂಥ ಹೊತ್ತಿನಲ್ಲಿ ಸ್ವಲ್ಪ ಕಿವುಡಾಗಿದ್ದರೆ ರೆಫರಿಯ ಗಂಟೇನು ಹೋಗುತ್ತಿತ್ತು? ಪಂದ್ಯವನ್ನು ಆಟಗಾರರೇ ತೀರ್ಮಾನಿಸಬೇಕಲ್ಲವೇ? ಅದೇ ಬಜರ್ ಆದ ಮೇಲೆ ಬೈದಿದ್ದರೆ ಏನಾಗುತ್ತಿತ್ತು?”

ಪಂದ್ಯ ಕಣ್ಣಿಗೆ ಕಟ್ಟುವಂತೆ ಬರೆದಿದ್ದೀರಿ. ಆಟದ ಮೇಲೆ ನಿಮಗಿರುವ ಪ್ರೀತಿ ಎದ್ದು ಕಾಣುತ್ತದೆ. ಆದರೆ ನಿಮ್ಮ ಮಾತನ್ನು ಒಪ್ಪಲಾರೆ. ಆ ಪಂದ್ಯವನ್ನು ತೀರ್ಮಾನಿಸಿದ್ದು ಆಟಗಾರನೇ. ಕೈಯಿಂದ ಆಗದ್ದನ್ನು ಬಾಯಿಂದ ಮಾಡಿಕೊಂಡ.

ಮೂಗಿನ ತುದಿಯಲ್ಲೇ ಕೋಪವಿರುವ ರೆಫರಿಗಳೂ ಇದ್ದಾರೆ, ನಿಜ. 2007ರ ಏಪ್ರಿಲ್‌ನಲ್ಲಿ ಬೆಂಚಿನಲ್ಲಿ ಕೂತು ನಕ್ಕ ಆಟಗಾರ ಟಿಮ್ ಡಂಕನ್‌ಗೆ ಎರಡನೇ ಟೆಕ್ನಿಕಲ್ ಕೊಟ್ಟು ಹೊರಗಟ್ಟಿದ ರೆಫರಿ ಜೋಯಿ ಕ್ರಾಫರ್ಡ್ ಅವರನ್ನು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಆ ಋತುವಿನ ಉಳಿದ ಪಂದ್ಯಗಳಿಂದ ಅಮಾನತು ಮಾಡಿತು. ಸರಿಯಾಗಿಯೇ ಮಾಡಿತು.

ಆದರೆ ಕೊನೆಯ ಹೊತ್ತಿನಲ್ಲಿ ನಿಯಮ ಸಡಿಲಾಗಬೇಕು ಎನ್ನುತ್ತೀರಲ್ಲ, ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾದ ನಿಯಮಾವಳಿ ತೆರೆದು ನೋಡಿ. ನಾಲ್ಕನೇ ಕ್ವಾರ್ಟರಿನ ಕೊನೆಯ 2 ನಿಮಿಷದಲ್ಲಿ ಅದು ಇನ್ನಷ್ಟು ಬಿಗಿಯಾಗುತ್ತದೆ. ಗೆರೆಯಾಚೆಯಿಂದ ಎಸೆಯುವವನ ಕೈಯಲ್ಲಿ ಚೆಂಡಿರುವಾಗಲೇ ಒಳಗಿರುವ ಎದುರಾಳಿಯ ಮೇಲೆ ಫೌಲ್ ಮಾಡಿದರೆ ಒಂದು ಫ್ರೀ ಥ್ರೋ, ಮತ್ತೆ ಚೆಂಡೂ ಅವರಿಗೇ. ಎಸೆಯುವವನ ಕೈಗೆ ಚೆಂಡು ಕೊಡುವ ಮೊದಲು ರೆಫರಿ ಎದುರಿಗೆ ನಿಂತವನಿಗೆ ಗೆರೆ ದಾಟಬೇಡವೆಂದು ಸನ್ನೆ ಮಾಡಿ ಎಚ್ಚರಿಸುತ್ತಾರೆ. ಆಮೇಲೂ ಗೆರೆಯಾಚೆ ಕೈಚಾಚಿ ಅಡ್ಡಿಪಡಿಸಿದರೆ ನೇರವಾಗಿ ಟೆಕ್ನಿಕಲ್.

ಒಳ್ಳೆಯ ರೆಫರಿ ಈ ಕೆಲಸವನ್ನು ಮೊದಲ ಕ್ವಾರ್ಟರಿನಲ್ಲೇ ಶುರುಮಾಡಿರುತ್ತಾರೆ. ಫ್ರೀ ಥ್ರೋಗೆ ಎಲ್ಲರೂ ಸಾಲುಗಟ್ಟುವಾಗ ಗೊಣಗುವವನ ಪಕ್ಕದಲ್ಲೇ ಹಾದು, ಅವನ ಮುಖವನ್ನೂ ನೋಡದೆ, “ಸಾಕು” ಎಂದು ಮೆಲ್ಲಗೆ ಹೇಳುತ್ತಾರೆ. ಪ್ರೇಕ್ಷಕರಿಗೆ ಅದು ಗೊತ್ತೇ ಆಗುವುದಿಲ್ಲ. ಮತ್ತೆ ಬಾಯಿಬಿಟ್ಟರೆ ಕೋಚ್‌ಗೆ ಹೇಳುತ್ತಾರೆ. ನಿಮ್ಮ ಆಟಗಾರನಿಗೆ ಆ ಮಾತು ಎಷ್ಟು ಸಲ ಬಿದ್ದಿತ್ತೋ, ಯೋಚಿಸಿದ್ದೀರಾ?

ಪಂದ್ಯದ ಗತಿ ತೀರ್ಮಾನವಾಗಿಬಿಟ್ಟಿದೆ, ಇನ್ನೇಕೆ ತಲೆಬಿಸಿ ಎನ್ನುವವರೂ ಇದ್ದಾರೆ. 2004ರ ನವೆಂಬರ್ 19ರಂದು ಎನ್‌ಬಿಎ ತಂಡ ಇಂಡಿಯಾನಾ ಪೇಸರ್ಸ್ ಡೆಟ್ರಾಯಿಟ್‌ನವರ ಅಂಗಳದಲ್ಲಿ 97-82ರಿಂದ ಮುಂದಿತ್ತು, ಉಳಿದಿದ್ದು 45.9 ಸೆಕೆಂಡು. ಗೆದ್ದಾಗಿದ್ದ ಪಂದ್ಯದಲ್ಲಿ ಪೇಸರ್ಸ್‌ನ ರಾನ್ ಆರ್ಟೆಸ್ಟ್ ಮಾಡಿದ ಒಂದು ಒರಟು ಫೌಲ್, ಡೆಟ್ರಾಯಿಟ್‌ನ ಬೆನ್ ವಾಲೇಸ್ ತಿರುಗಿಸಿ ಕೊಟ್ಟ ಒಂದು ನೂಕು. ಅಷ್ಟರಿಂದ ಹೊತ್ತಿಕೊಂಡ ಜಗಳ ಪ್ರೇಕ್ಷಕರ ನಡುವೆಯೇ ಹೊಡೆದಾಟವಾಯಿತು. ಉಳಿದ ಸೆಕೆಂಡುಗಳನ್ನು ಆಡಿಸದೆ ಪಂದ್ಯ ನಿಲ್ಲಿಸಬೇಕಾಯಿತು. ಒಂಬತ್ತು ಆಟಗಾರರು ಅಮಾನತಾದರು. ಆರ್ಟೆಸ್ಟ್ ಆ ಋತುವಿನಲ್ಲಿ ಮತ್ತೆ ಅಂಕಣಕ್ಕಿಳಿಯಲಿಲ್ಲ.

ನನ್ನ ಸಿಟ್ಟು ಇಷ್ಟಕ್ಕೇ ನಿಲ್ಲುವುದಿಲ್ಲ. ಬೈಗುಳಕ್ಕೆ ಛಲ ಎಂದು, ಕಿಚ್ಚು ಎಂದು ಹೆಸರಿಟ್ಟು ಮೆರೆಸುವ ವೀಕ್ಷಕ ವಿವರಣೆಕಾರರನ್ನು ಕೇಳಿ ಕೇಳಿ ಸಾಕಾಗಿದೆ. ಚಿಕ್ಕ ಮಕ್ಕಳ ಪಂದ್ಯದಲ್ಲೂ ಪ್ರತಿ ಸೀಟಿಗೆ ಎರಡೂ ಕೈ ಚಾಚಿ ಕೂಗಾಡುವ ಕೋಚ್‌ಗಳಿದ್ದಾರೆ. ಅವರ ಹಿಂದಿನ ಬೆಂಚಿನಲ್ಲಿ ಮಕ್ಕಳೂ ಹಾಗೇ ಕೈ ಚಾಚುತ್ತವೆ, ಗಮನಿಸಿ. ಆಗಷ್ಟೇ ಸೀಟಿ ಹಿಡಿದ ಹುಡುಗನೋ ಹುಡುಗಿಯೋ ಎಷ್ಟು ದಿನ ಸಹಿಸಿಯಾರು? ಅವರು ಬಿಟ್ಟುಹೋದ ಮೇಲೆ ರೆಫರಿಗಳೇ ಸಿಗುವುದಿಲ್ಲ ಎಂದು ಗೋಳಾಡುವವರೂ ಇದೇ ಕೋಚ್‌ಗಳೇ.

ಇನ್ನು ಬಜರ್ ಪ್ರಶ್ನೆ. ಅಂಕ ಸಮವಾಗಿ ಹೆಚ್ಚುವರಿ ಅವಧಿ ಇದ್ದರೆ, ನಡುವಿನ ಬಿಡುವಿನಲ್ಲಿ ಬೈದರೂ ಟೆಕ್ನಿಕಲ್ ಫೌಲೇ. ಫ್ರೀ ಥ್ರೋ ಆದ ಮೇಲೆಯೇ ಆಟ ಮುಂದುವರಿಯುತ್ತದೆ. ಪಂದ್ಯ ಪೂರ್ತಿ ಮುಗಿದಿದ್ದರೆ ಫ್ರೀ ಥ್ರೋ ಇಲ್ಲ. ಆದರೆ ಮುಖ್ಯ ರೆಫರಿ ಸ್ಕೋರ್‌ಶೀಟಿಗೆ ಸಹಿ ಹಾಕುವುದರೊಳಗೆ ಯಾರೇ ದುರ್ವರ್ತನೆ ತೋರಿದರೂ ಅದನ್ನು ಅದರಲ್ಲೇ ನಮೂದಿಸಿ, ಸಂಘಟಕರಿಗೆ ವಿವರವಾದ ವರದಿ ಕಳಿಸಲೇಬೇಕು. ಸೋತವರ ಮೇಲೆ ಕನಿಕರಪಟ್ಟು ಏನೂ ಬರೆಯದೆ ಮನೆಗೆ ಹೋಗುವ ರೆಫರಿ ನಿಮಗೆ ಹಿಡಿಸಬಹುದು. ಮುಂದಿನ ವಾರ ಅದೇ ತಂಡದ ಪಂದ್ಯ ನಡೆಸಬೇಕಾದ ರೆಫರಿಯನ್ನೂ ಒಂದು ಮಾತು ಕೇಳಿ ನೋಡಿ.