ಕನ್ನಡ ಲೇಖನ ಮೊಬೈಲಿನಲ್ಲಿ ಸರಾಗವಾಗಿ ಓದಿಸಿಕೊಳ್ಳಬೇಕಾದರೆ ಏನು ಮಾಡಬೇಕು?

ನಮಸ್ಕಾರ. ನಿಮ್ಮ ತಾಲ್ಲೂಕಿನ ಕೆರೆಗಳ ಕುರಿತು ಕನ್ನಡದಲ್ಲಿ ದೀರ್ಘ ಲೇಖನಗಳನ್ನು ಬರೆದು ಅಂತರ್ಜಾಲದಲ್ಲಿ ಪ್ರಕಟಿಸುತ್ತಿದ್ದೀರಿ, ಆದರೆ ಮೊಬೈಲಿನಲ್ಲಿ ಓದುವವರು ಕಣ್ಣಿಗೆ ತ್ರಾಸವಾಗುತ್ತದೆಂದು ಅರ್ಧಕ್ಕೇ ಬಿಡುತ್ತಿದ್ದಾರೆ, ಏನು ಮಾಡಬೇಕು ಎಂದು ಕೇಳಿದ್ದೀರಿ. ಬೇರೆಯವರ ಬರಹಗಳನ್ನು ತಿದ್ದಿ ಪುಟಕ್ಕೆ ಹೊಂದಿಸುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಇಂಥ ದೂರು ಬಂದಾಗ ಮೊದಲು ಸಾಲುಗಳ ನಡುವಿನ ಅಂತರವನ್ನು ನೋಡುತ್ತೇನೆ; ಬರಹದ ವಿಚಾರ ಆಮೇಲಿನದು.

ನಮ್ಮ ಲಿಪಿ ಸಾಲಿನ ಮೇಲಕ್ಕೂ ಕೆಳಕ್ಕೂ ಬೆಳೆಯುತ್ತದೆ. 'ರಾಷ್ಟ್ರೀಯ' ಎಂಬ ಒಂದು ಪದವನ್ನೇ ದೊಡ್ಡದಾಗಿಸಿ ನೋಡಿ: ಷಕಾರದ ಕೆಳಗೆ ಟ ಮತ್ತು ರ ಎಂಬ ಎರಡು ಒತ್ತುಗಳು ಇಳಿದಿರುತ್ತವೆ, ತಲೆಯ ಮೇಲೆ ಗುಡಿಸು ಕುಳಿತಿರುತ್ತದೆ, ಪಕ್ಕದಲ್ಲಿ ದೀರ್ಘ ಬಂದಿರುತ್ತದೆ. ಪುಟವಿನ್ಯಾಸದ ಸಿದ್ಧ ಮಾದರಿಗಳನ್ನು ಬಹುಮಟ್ಟಿಗೆ ಒತ್ತಕ್ಷರಗಳೇ ಇಲ್ಲದ ರೋಮನ್ ಲಿಪಿಯ ಅಳತೆಗೆ ಮಾಡಿರುವುದರಿಂದ, ಅವುಗಳಲ್ಲಿ ಕನ್ನಡವನ್ನು ಸುರಿದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವಷ್ಟು ಹತ್ತಿರ ಬರುತ್ತದೆ. ಒಮ್ಮೆ ನಾನೇ ಹೊಂದಿಸಿದ ಲೇಖನವೊಂದನ್ನು ನಮ್ಮ ತಂದೆಯವರು ಫೋನಿನಲ್ಲಿ ಓದುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದೆ. ಅವರು ಓದಿ ಮುಗಿಸಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದರು. ಸಾಲಿನ ಕೊನೆಯಿಂದ ಹಿಂದಿರುಗುವ ಕಣ್ಣಿಗೆ ಮುಂದಿನ ಸಾಲಿನ ಮೊದಲು ಸಿಗುತ್ತಿರಲಿಲ್ಲ. ಅಂತರವನ್ನು ಅಕ್ಷರದ ಗಾತ್ರದ 1.4 ಪಟ್ಟಿನಿಂದ 1.8 ಪಟ್ಟಿಗೆ ಏರಿಸಿ ಕೊಟ್ಟೆ, ಆ ತಡವರಿಕೆ ನಿಂತಿತು. ನೀವೂ 1.7ಕ್ಕಿಂತ ಕಡಿಮೆ ಇಡಬೇಡಿ.

ಅಕ್ಷರದ ಗಾತ್ರ 18 ಪಿಕ್ಸೆಲ್‌ಗಿಂತ ಕಡಿಮೆಯಾಗದಿರಲಿ. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಇವುಗಳ ನಡುವಿನ ವ್ಯತ್ಯಾಸವೆಲ್ಲ ಅಡಿಯಲ್ಲಿರುವ ಒಂದು ಸಣ್ಣ ಸೀಳಿನಲ್ಲಿದೆ, ಅಕ್ಷರ ಚಿಕ್ಕದಾದರೆ ಮೊದಲು ಮುಚ್ಚಿಹೋಗುವುದು ಅದೇ. ಇದೇ ಕಾರಣಕ್ಕೆ ದಪ್ಪಕ್ಷರಗಳ ವಿಷಯದಲ್ಲಿಯೂ ಎಚ್ಚರ ಬೇಕು. ದಪ್ಪ ರೂಪವೇ ಇಲ್ಲದ ಫಾಂಟನ್ನು ಬ್ರೌಸರ್ ತಾನಾಗಿಯೇ ಉಬ್ಬಿಸಿ ತೋರಿಸಿದರೆ ಒತ್ತುಗಳು ಮಸಿ ಚೆಲ್ಲಿದಂತೆ ಕಾಣುತ್ತವೆ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಎರಡೂ ಉಚಿತವಾಗಿ ಸಿಗುತ್ತವೆ, ಎರಡಕ್ಕೂ ನಿಜವಾದ ದಪ್ಪ ರೂಪಗಳಿವೆ. ಇನ್ನು ಓರೆ ಅಕ್ಷರ ನಮ್ಮ ಲಿಪಿಯ ಸಂಪ್ರದಾಯದಲ್ಲಿಲ್ಲ. ಒತ್ತಿ ಹೇಳಬೇಕಾದ ಪದಕ್ಕೆ ಉದ್ಧರಣ ಚಿಹ್ನೆ ಸಾಕು.

ಸಾಲಿನ ಎರಡೂ ಅಂಚುಗಳನ್ನು ಸಮಗೊಳಿಸುವುದು ಪುಸ್ತಕದಲ್ಲಿ ಚೆನ್ನ, ಮೊಬೈಲಿನಲ್ಲಿ ಅಲ್ಲ. 'ಹೂಳೆತ್ತಿಸಬೇಕಾಗಿರುವುದರಿಂದ' ಎಂಬಂಥ ಪದ ಒಂದು ಸಾಲಿನ ಮುಕ್ಕಾಲು ಭಾಗವನ್ನು ತಿನ್ನುತ್ತದೆ. ಅದು ಕೆಳಗಿನ ಸಾಲಿಗೆ ಜಾರಿದಾಗ ಮೇಲೆ ಉಳಿದ ಎರಡು ಪದಗಳ ನಡುವೆ ದೊಡ್ಡ ಕಂದಕ ಬೀಳುತ್ತದೆ. ಎಡ ಅಂಚಿಗಷ್ಟೇ ಹೊಂದಿಸಿ.

'ನುಡಿ' ಅಥವಾ 'ಬರಹ' ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಲೇಖನಗಳು ನಿಮ್ಮಲ್ಲಿದ್ದರೆ ಅವುಗಳನ್ನು ಯೂನಿಕೋಡಿಗೆ, ಅಂದರೆ ಈಗಿನ ಫೋನುಗಳೆಲ್ಲ ಬಳಸುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸದೆ ಹಾಕಬೇಡಿ. ಆ ಫಾಂಟುಗಳಲ್ಲಿ ಕನ್ನಡದ ರೂಪಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕುಳಿತಿರುವುದರಿಂದ, ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ, ಹುಡುಕಿದರೆ ಲೇಖನ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ದಕ್ಕುವುದಿಲ್ಲ. ಬರಹವನ್ನು ಚಿತ್ರವಾಗಿ ಹಾಕಿದರೂ ಹುಡುಕುವವರಿಗೂ ಕಣ್ಣು ಕಾಣದವರಿಗೂ ಇದೇ ತೊಂದರೆ. ಪರಿವರ್ತಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ: ಕಾಣದ ಬೇರ್ಪಡಿಕೆ ಚಿಹ್ನೆ ಬಿಟ್ಟುಹೋಗಿ 'ಸಾಫ್ಟ್‌ವೇರ್' ಎಂಬುದು 'ಸಾಫ್ಟ್ವೇರ್' ಆಗಿರುತ್ತದೆ, ಓದುವವರು ಅಲ್ಲಿ ಖಂಡಿತ ಎಡವುತ್ತಾರೆ.

ಈಗ ಬರಹಕ್ಕೆ ಬರುತ್ತೇನೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ, ಅಲ್ಲಿಗೆ ತಲುಪುವವರೆಗೆ ಓದುಗರು ಎಲ್ಲವನ್ನೂ ನೆನಪಿನಲ್ಲಿ ಹೊತ್ತುಕೊಂಡೇ ಸಾಗಬೇಕು. 'ಗ್ರಾಮ ಪಂಚಾಯಿತಿಯ ವತಿಯಿಂದ ಕಳೆದ ವರ್ಷ ಹೂಳೆತ್ತುವ ಕಾರ್ಯ ಕೈಗೊಳ್ಳಲ್ಪಟ್ಟು ಮಳೆಯ ಕಾರಣದಿಂದ ಸ್ಥಗಿತಗೊಳಿಸಲಾದ ಕೆರೆಯ ಏರಿಯಲ್ಲಿ ಬಿರುಕುಗಳು ಕಂಡುಬಂದಿರುತ್ತವೆ' ಎಂದು ಬರೆದರೆ, ಬಿರುಕಿನ ಸುದ್ದಿ ಬರುವಷ್ಟರಲ್ಲಿ ಪಂಚಾಯಿತಿ ಮರೆತುಹೋಗಿರುತ್ತದೆ. 'ಕಳೆದ ವರ್ಷ ಗ್ರಾಮ ಪಂಚಾಯಿತಿ ಈ ಕೆರೆಯ ಹೂಳೆತ್ತಿಸಲು ಹೊರಟಿತು. ಮಳೆ ಬಂದು ಕೆಲಸ ಅರ್ಧಕ್ಕೆ ನಿಂತಿತು. ಈಗ ಏರಿ ಬಿರುಕು ಬಿಟ್ಟಿದೆ.' ಎಂದರೆ ಹೇಳಬೇಕಾದದ್ದೆಲ್ಲ ಹೇಳಿದಂತಾಯಿತು. ಉದ್ದ ವಾಕ್ಯ ಬೇಡವೆಂದು ನಾನು ಹೇಳುತ್ತಿಲ್ಲ. ಒಂದು ಕೆಲಸದ ಹಿಂದೆ ಇನ್ನೊಂದು ನಡೆದ ಕ್ರಮದಲ್ಲಿಯೇ ಹೇಳಿಕೊಂಡು ಹೋಗುವ ವಾಕ್ಯ ಎಷ್ಟು ಉದ್ದವಿದ್ದರೂ ದಣಿಸುವುದಿಲ್ಲ. ನಾಮಪದದ ಮುಂದೆ ವಿಶೇಷಣಗಳ ಮೂಟೆ ಹೇರಿದ ವಾಕ್ಯ ಚಿಕ್ಕದಾದರೂ ದಣಿಸುತ್ತದೆ.

ಕೋಡಿ, ತೂಬು, ಅಚ್ಚುಕಟ್ಟು ಎಂಬ ಮಾತುಗಳನ್ನು ದಯವಿಟ್ಟು ಬಿಡಬೇಡಿ, ಲೇಖನದ ಜೀವ ಅವುಗಳಲ್ಲಿದೆ. ಆದರೆ ಪೇಟೆಯಲ್ಲಿ ಬೆಳೆದವರಿಗೆ ಅವು ಹೊಸವು. ಕೊನೆಯಲ್ಲಿ ಪದಕೋಶ ಕೊಟ್ಟರೆ ಮೊಬೈಲಿನಲ್ಲಿ ಅಲ್ಲಿಯವರೆಗೆ ಜಾರಿ ಮರಳಿ ಬರುವವರು ಕಡಿಮೆ. ಮೊದಲ ಸಲ ಬಂದಾಗಲೇ 'ಗದ್ದೆಗೆ ನೀರು ಬಿಡುವ ತೂಬು' ಎಂದು ಬರೆದುಬಿಡಿ. ಪ್ರಕಟಿಸುವ ಮೊದಲು, ಲೇಖನವನ್ನು ಹಿಂದೆ ನೋಡಿರದ ಒಬ್ಬರ ಕೈಗೆ ಫೋನ್ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ, ಅವರು ನಿಂತ ಕಡೆಯಲ್ಲೆಲ್ಲ ಒಂದು ಗುರುತು ಹಾಕಿಕೊಳ್ಳಿ. ನನ್ನ ಲೇಖನಗಳಿಗೆ ಈ ಕೆಲಸವನ್ನು ಇಂದಿಗೂ ನಮ್ಮ ತಂದೆಯವರೇ ಮಾಡಿಕೊಡುತ್ತಾರೆ.